ಹಾರರ್ ಕಿರುಚಿತ್ರಕ್ಕೆ ಗೋಳಗುಮ್ಮಟವೇ ಬೇಕೆ?

ಪ್ರಶ್ನೆ: ನಾನು ಬಾಗಲಕೋಟೆಯ ನವನಗರದವನು. ನಾಲ್ವರು ಗೆಳೆಯರು ಸೇರಿ ಒಂದು ಹಾರರ್ ಕಿರುಚಿತ್ರ ಮಾಡಬೇಕೆಂದಿದ್ದೇವೆ. ಇಪ್ಪತ್ತೆರಡು ನಿಮಿಷದ ಸ್ಕ್ರಿಪ್ಟ್ ಸಿದ್ಧವಿದೆ: ವಿಜಯಪುರದ ಗೋಳಗುಮ್ಮಟದೊಳಗೆ ರಾತ್ರಿ ಸಿಕ್ಕಿಕೊಂಡ ವಿದ್ಯಾರ್ಥಿಗಳಿಗೆ ಬಿಳಿ ಸೀರೆಯ ಹೆಂಗಸೊಬ್ಬಳು ಕಾಣಿಸಿಕೊಳ್ಳುತ್ತಾಳೆ. ನಮ್ಮ ಕೈಯಲ್ಲಿರುವುದು ಒಂದು ಒಳ್ಳೆಯ ಮೊಬೈಲ್ ಮತ್ತು ಇಪ್ಪತ್ತು ಸಾವಿರ ರೂಪಾಯಿ. ಹಳೇ ಬಾಗಲಕೋಟೆಯಲ್ಲಿ ಹಿನ್ನೀರಿಗೆ ಹೋದ ನಮ್ಮ ಮನೆಯ ದೊಡ್ಡ ಕೀಲಿಕೈಯನ್ನು ಅಜ್ಜಿ ಇನ್ನೂ ಇಟ್ಟುಕೊಂಡಿದ್ದಾರೆ. ಅದನ್ನೂ ಎಲ್ಲಾದರೂ ಬಳಸುವ ಯೋಚನೆ ಇದೆ. ಮೊಬೈಲಿನಲ್ಲಿ ರಾತ್ರಿಯ ದೃಶ್ಯಗಳನ್ನು ತೆಗೆಯಬಹುದೆ? ಅನುಮತಿ ಯಾರಿಂದ ಪಡೆಯಬೇಕು? ಸಂಭಾಷಣೆ ನಮ್ಮ ಕಡೆಯ ಮಾತಿನಲ್ಲಿದ್ದರೆ ನಡೆಯುತ್ತದೆಯೆ? ಚಿತ್ರ ಮುಗಿದ ಮೇಲೆ ಯೂಟ್ಯೂಬಿಗೆ ಹಾಕುವುದೋ, ಚಿತ್ರೋತ್ಸವಗಳಿಗೆ ಕಳಿಸುವುದೋ?

ಉತ್ತರ: ನಿಮ್ಮ ಪ್ರಶ್ನೆಗಳಲ್ಲಿ ಅನುಮತಿಯದನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದ ಬಹುಪಾಲು ಅದರ ಮೇಲೆ ನಿಂತಿದೆ. ಗೋಳಗುಮ್ಮಟ ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಪ್ರವಾಸಿಗರು ನೆನಪಿಗಾಗಿ ಮೊಬೈಲಿನಲ್ಲಿ ತೆಗೆದುಕೊಳ್ಳುವ ಚಿತ್ರಕ್ಕೂ ನಟರನ್ನು ನಿಲ್ಲಿಸಿ ಕಥೆಯೊಂದನ್ನು ಚಿತ್ರೀಕರಿಸುವುದಕ್ಕೂ ಇಲಾಖೆ ವ್ಯತ್ಯಾಸ ಮಾಡುತ್ತದೆ. ಎರಡನೆಯದಕ್ಕೆ 1959ರ ಪ್ರಾಚೀನ ಸ್ಮಾರಕ ನಿಯಮಗಳಡಿ ಸಾಕಷ್ಟು ಮುಂಚೆ ಅರ್ಜಿ ಹಾಕಿ, ಶುಲ್ಕ ಕಟ್ಟಿ ಪರವಾನಗಿ ಪಡೆಯಬೇಕು. ಪರವಾನಗಿ ಸಿಕ್ಕರೂ ಸ್ಮಾರಕದ ಛಾವಣಿಯಿರುವ ಒಳಭಾಗದಲ್ಲಿ ಸಿನಿಮಾ ಚಿತ್ರೀಕರಣಕ್ಕೆ ಆ ನಿಯಮಗಳು ಅವಕಾಶ ಕೊಡುವುದಿಲ್ಲ. ಇಂಥ ಸ್ಮಾರಕಗಳಿಗೆ ಸೂರ್ಯಾಸ್ತದ ನಂತರ ಸಾಮಾನ್ಯವಾಗಿ ಪ್ರವೇಶವೂ ಇರುವುದಿಲ್ಲ. ಅಂದರೆ ಗುಮ್ಮಟದೊಳಗೆ, ರಾತ್ರಿ, ನಟರೊಂದಿಗೆ ಎಂಬ ನಿಮ್ಮ ಸ್ಕ್ರಿಪ್ಟಿನ ಮೂರು ಆಧಾರಗಳೂ ಒಟ್ಟಿಗೆ ಕುಸಿಯುತ್ತವೆ. ಕದ್ದು ತೆಗೆಯುವ ಆಲೋಚನೆಯನ್ನು ದಯವಿಟ್ಟು ಬಿಡಿ. ಹಾಗೆ ತೆಗೆದ ಚಿತ್ರವೇ ನಿಮ್ಮ ವಿರುದ್ಧದ ಸಾಕ್ಷಿಯಾಗುತ್ತದೆ. ಚಿತ್ರೋತ್ಸವದ ಅರ್ಜಿಯಲ್ಲಿ ‘ಬೇಕಾದ ಹಕ್ಕು ಮತ್ತು ಅನುಮತಿಗಳೆಲ್ಲ ನಮ್ಮಲ್ಲಿವೆ’ ಎಂದು ಸಹಿ ಮಾಡುವುದೂ ನೀವೇ.

ಒಂದು ವೇಳೆ ಅನುಮತಿ ಸಿಗುವಂತಿದ್ದರೂ ನಾನು ಬೇಡವೆನ್ನುತ್ತಿದ್ದೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಸಮಾಧಿಯಾದ ಆ ಕಟ್ಟಡದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಂದು ಚಪ್ಪಾಳೆ ಹಲವು ಬಾರಿ ಮರುದನಿಸುವುದು ನಿಮಗೆ ಗೊತ್ತೇ ಇದೆ. ನೋಡುಗನಿಗೆ ವಿಸ್ಮಯ ಹುಟ್ಟಿಸುವ ಅದೇ ಗುಣ ಶಬ್ದಗ್ರಹಣ ಮಾಡುವವನಿಗೆ ಶಿಕ್ಷೆ: ಒಂದು ಮಾತು ಇನ್ನೊಂದರ ಮೇಲೆ ಬಿದ್ದು, ಎಡಿಟಿಂಗ್ ಮಾಡುವಾಗ ಎಲ್ಲಿಯೂ ಕತ್ತರಿಸಲು ಬಾರದಂತಾಗುತ್ತದೆ. ಅದಲ್ಲದೆ ಸ್ಮಾರಕವನ್ನು ತೆರೆಯ ಮೇಲೆ ಕಂಡ ಕೂಡಲೇ ಪ್ರೇಕ್ಷಕ ತಾನು ಶಾಲೆಯ ಪ್ರವಾಸದಲ್ಲಿ ಬಂದದ್ದನ್ನು ನೆನೆಯುತ್ತಾನೆಯೇ ಹೊರತು ಹೆದರುವುದಿಲ್ಲ. ವಿಜಯಪುರದ ಹೊರವಲಯದ ಸಾಠ ಕಬರ್ ಬಗ್ಗೆಯೂ ಹುಡುಗರು ಆಗಾಗ ಕೇಳುತ್ತಾರೆ. ಆದಿಲ್ ಶಾಹಿ ಸೇನಾನಿ ಅಫ್ಜಲ್ ಖಾನ ತನ್ನ ಹೆಂಡತಿಯರನ್ನು ಕೊಂದನೆಂದು ಅಲ್ಲಿ ಹೇಳುವ ಕಥೆ ಎಷ್ಟೇ ರೋಚಕವಾಗಿರಲಿ, ಅವು ಗೋರಿಗಳು. ಅವುಗಳ ನಡುವೆ ಬಣ್ಣ ಬಳಿದುಕೊಂಡು ಓಡಾಡುವುದು ಸಭ್ಯತೆಯೆಂದು ನನಗೆ ಅನಿಸುವುದಿಲ್ಲ.

ಈಗ ನಿಮ್ಮ ಪತ್ರದಲ್ಲಿ ನೀವೇ ಅವಸರದಲ್ಲಿ ದಾಟಿಹೋದ ಸಾಲಿಗೆ ಬರುತ್ತೇನೆ. ಮುಳುಗಿದ ಮನೆಯ ಕೀಲಿಕೈಯೊಂದು ನಿಮ್ಮ ಮನೆಯಲ್ಲಿದೆ. ಆ ಬಾಗಿಲು ಇಲ್ಲ, ಆ ಓಣಿ ಇಲ್ಲ, ಕೀಲಿಕೈ ಮಾತ್ರ ಇದೆ. ಅದನ್ನು ‘ಎಲ್ಲಾದರೂ ಬಳಸುವ’ ವಸ್ತುವೆಂದು ಬರೆದಿದ್ದೀರಿ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಚಿತ್ರವೇ ಅದು. ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಘಟಪ್ರಭೆಯ ದಡದ ಹಳೇ ಊರಿಗೆ ಏರಿಬಂದದ್ದು, ಓಣಿಗಳ ಹೆಸರು ಬಿಟ್ಟು ಸೆಕ್ಟರ್ ಸಂಖ್ಯೆಗಳಿರುವ ನವನಗರಕ್ಕೆ ಸಂಸಾರಗಳು ಬಂದು ನೆಲೆಸಿದ್ದು, ಮಳೆಗಾಲದಲ್ಲಿ ನೀರು ಏರಿ ಬೇಸಿಗೆಯಲ್ಲಿ ಇಳಿದಾಗ ದಡದಲ್ಲಿ ಹಳೆಯ ಅಡಿಪಾಯಗಳು ಕಾಣಿಸಿಕೊಳ್ಳುವುದು, ಇವೆಲ್ಲ ಬೇರೆ ಊರಿನ ನಿರ್ದೇಶಕನೊಬ್ಬ ಎಷ್ಟು ಹಣ ಸುರಿದರೂ ಕಟ್ಟಲಾಗದ ಹಿನ್ನೆಲೆ. ನಮ್ಮ ಸೀಮೆಯಲ್ಲಿ ಭಯಕ್ಕೆ ಬಿಳಿ ಸೀರೆಯ ಅಗತ್ಯವಿಲ್ಲ. 2023ರ ಅಕ್ಟೋಬರಿನಲ್ಲಿ ವಿಜಯಪುರ ಜಿಲ್ಲೆಯ ರೋಣಿಹಾಳದ ರೈತರು ಹೊಲದಲ್ಲಿ ಸಿಕ್ಕ ಮೊಸಳೆಯನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ವಿದ್ಯುತ್ ಉಪಕೇಂದ್ರಕ್ಕೆ ತಂದಿದ್ದರು. ಪಂಪ್‌ಸೆಟ್ಟಿಗೆ ರಾತ್ರಿ ಹೊತ್ತು ಕರೆಂಟ್ ಕೊಟ್ಟರೆ ಕತ್ತಲಲ್ಲಿ ನೀರು ಹಾಯಿಸಲು ಹೋದವರ ಗತಿ ಏನು ಎಂಬುದು ಅವರ ಪ್ರಶ್ನೆಯಾಗಿತ್ತು. ರಾತ್ರಿ ಒಂದಕ್ಕೆ ಮೋಟರ್ ಚಾಲೂ ಮಾಡಲು ಒಬ್ಬನೇ ಕಬ್ಬಿನ ಹೊಲಕ್ಕೆ ನಡೆಯುವ ಮನುಷ್ಯನ ಕಥೆ ನಿಮ್ಮ ಎರಡನೆಯ ಚಿತ್ರಕ್ಕಿರಲಿ. ಮೊದಲನೆಯದು ಕೀಲಿಕೈಯದು.

ಇಪ್ಪತ್ತೆರಡು ನಿಮಿಷ ಹೆಚ್ಚಾಯಿತು. ಚಿತ್ರೋತ್ಸವಗಳು ಹತ್ತಾರು ಕಿರುಚಿತ್ರಗಳನ್ನು ಒಂದು ಪ್ರದರ್ಶನದಲ್ಲಿ ಹೊಂದಿಸಬೇಕಾಗುವುದರಿಂದ ಉದ್ದದ ಚಿತ್ರ ಇನ್ನೆರಡು ಚಿತ್ರಗಳ ಜಾಗವನ್ನು ಕೇಳುತ್ತದೆ. ಹೊಸಬರಿಗೆ ಆ ಜಾಗ ಸುಲಭವಾಗಿ ಸಿಗುವುದಿಲ್ಲ. ಅದಕ್ಕಿಂತ ಮುಖ್ಯ ಕಾರಣ ಭಯದ ಸ್ವಭಾವದಲ್ಲೇ ಇದೆ. ಒಂದು ಸಂಶಯವನ್ನು ಬಿತ್ತಿ, ಬೆಳೆಸಿ, ಅದು ನಿಜವಾಗುವ ಕ್ಷಣಕ್ಕೆ ತಲುಪಿಸುವುದು ಐದಾರು ನಿಮಿಷದ ಕೆಲಸ. ಅದಾದ ಮೇಲೂ ಕಥೆ ಮುಂದುವರಿದರೆ ವಿವರಣೆ ಕೊಡಲೇಬೇಕಾಗುತ್ತದೆ, ವಿವರಣೆ ಬಂದಲ್ಲಿ ಭಯ ಇಳಿಯುತ್ತದೆ. ಸ್ವೀಡನ್ನಿನ ಡೇವಿಡ್ ಸ್ಯಾಂಡ್‌ಬರ್ಗ್ 2013ರಲ್ಲಿ ತಮ್ಮ ಮನೆಯಲ್ಲೇ, ಹೆಂಡತಿಯೊಬ್ಬರನ್ನೇ ನಟಿಯಾಗಿ ಇಟ್ಟುಕೊಂಡು ಮಾಡಿದ ‘ಲೈಟ್ಸ್ ಔಟ್’ ಮೂರು ನಿಮಿಷಕ್ಕಿಂತ ಚಿಕ್ಕದು. ದೀಪ ಆರಿಸಿದಾಗ ಮಾತ್ರ ಕಾಣುವ ಒಂದು ಆಕೃತಿ, ಅಷ್ಟೇ ಅದರ ಬಂಡವಾಳ. ಅದೇ 2016ರಲ್ಲಿ ಅವರ ನಿರ್ದೇಶನದಲ್ಲೇ ಪೂರ್ಣಪ್ರಮಾಣದ ಚಲನಚಿತ್ರವಾಯಿತು. ಅದನ್ನು ಅನುಕರಿಸಿ ಎಂದು ಹೇಳುತ್ತಿಲ್ಲ, ಅನುಕರಿಸಿದವರು ಬೇಕಾದಷ್ಟಿದ್ದಾರೆ. ಒಂದೇ ಒಂದು ನಿಯಮದ ಮೇಲೆ ಇಡೀ ಚಿತ್ರವನ್ನು ನಿಲ್ಲಿಸಿದ ಧೈರ್ಯವನ್ನು ಗಮನಿಸಿ. ನೀವು ಆರು ನಿಮಿಷಕ್ಕೆ ಗುರಿಯಿಡಿ, ಎಂಟನ್ನು ದಾಟಬೇಡಿ.

ನಿಮ್ಮ ಚಿತ್ರದ ನಿಯಮ ಏನಾಗಬಹುದೆಂದು ಒಂದು ಉದಾಹರಣೆಯಾಗಿ ಹೇಳುತ್ತೇನೆ, ಬೇಡವಾದರೆ ಬಿಟ್ಟುಬಿಡಿ. ಮೊದಲ ಎರಡು ನಿಮಿಷ ಹಗಲು. ನವನಗರದ ಆರ್‌ಸಿಸಿ ಮನೆ, ಅಜ್ಜಿ, ಮೊಮ್ಮಗ. ಹಳೆಯ ಮಾಳಿಗೆ ಮನೆಯಲ್ಲಿ ಮಧ್ಯಾಹ್ನದ ಹೊತ್ತು ಬೆಳಕಿಂಡಿಯಿಂದ ಬಿಸಿಲಿನ ದುಂಡು ಪಡಸಾಲೆಯ ನೆಲದ ಮೇಲೆ ಬೀಳುತ್ತಿದ್ದುದನ್ನು, ಆ ದುಂಡು ಕಂಬದ ಬುಡಕ್ಕೆ ಸರಿದಾಗ ಊಟದ ಹೊತ್ತಾಯಿತೆಂದು ತಿಳಿಯುತ್ತಿದ್ದುದನ್ನು ಅಜ್ಜಿ ಹೇಳುತ್ತಾಳೆ. ಆ ಮನೆಯ ಬೀಗದ ನಾಲಿಗೆ ಎರಡು ಸಲ ‘ಕಟ್, ಕಟ್’ ಎಂದಾಗಲೇ ಬಾಗಿಲು ತೆರೆಯುತ್ತಿತ್ತೆಂದು ಕೀಲಿಕೈಯನ್ನು ಗಾಳಿಯಲ್ಲಿ ತಿರುವಿ ತೋರಿಸುತ್ತಾಳೆ. ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ, ಇರಲೂಬಾರದು. ಪ್ರೇಕ್ಷಕ ಒಂದು ಸದ್ದನ್ನೂ ಒಂದು ಬೆಳಕನ್ನೂ ತನಗೆ ಗೊತ್ತಿಲ್ಲದಂತೆ ಕಲಿತುಕೊಳ್ಳುತ್ತಾನೆ.

ಆಮೇಲೆ ರಾತ್ರಿ. ಕರೆಂಟ್ ಹೋಗಿದೆ, ಅಜ್ಜಿ ಮಲಗಿದ್ದಾಳೆ, ಮೊಮ್ಮಗ ಮೊಬೈಲ್ ನೋಡುತ್ತಿದ್ದಾನೆ. ಎಲ್ಲಿಂದಲೋ ‘ಕಟ್’ ಎಂಬ ಸದ್ದು. ಅವನು ತಲೆ ಎತ್ತುತ್ತಾನೆ. ಇಲ್ಲಿ ನೀವು ಎಷ್ಟು ಹೊತ್ತು ತಡೆಯುತ್ತೀರಿ ಎಂಬುದರ ಮೇಲೆ ಇಡೀ ಚಿತ್ರದ ಯೋಗ್ಯತೆ ನಿಂತಿದೆ. ಪ್ರೇಕ್ಷಕನಿಗೆ ಎರಡನೆಯ ‘ಕಟ್’ ಬರಬೇಕೆಂದು ಗೊತ್ತು, ಅದು ಬರುವುದಿಲ್ಲ, ಹುಡುಗ ಮತ್ತೆ ಮೊಬೈಲಿನ ಕಡೆ ತಿರುಗುತ್ತಾನೆ, ಆಗ ಅದು ಬರುತ್ತದೆ. ನಿದ್ದೆಯಲ್ಲೇ ಅಜ್ಜಿ, ‘ಬಾಗಲಾ ತೆಗದೈತಿ ನೋಡ, ಯಾರ ಬಂದ್ರು?’ ಎನ್ನುತ್ತಾಳೆ. ‘ಯಾರೂ ಬಂದಿಲ್ಲ, ಮಲ್ಕೋಬೇ’ ಎನ್ನುತ್ತಾ ಹುಡುಗ ನೆಲವನ್ನು ನೋಡುತ್ತಾನೆ. ಕಿಂಡಿಯೇ ಇಲ್ಲದ ಸ್ಲ್ಯಾಬಿನ ಕೆಳಗೆ, ನಡುರಾತ್ರಿಯಲ್ಲಿ, ನಡುಹಗಲಿನ ಹಳದಿ ಬಿಸಿಲಿನ ದುಂಡು ಬಿದ್ದಿದೆ. ಬೆಳದಿಂಗಳು ಮಾಡಬೇಡಿ, ಹಾರರ್ ಚಿತ್ರದ ನೀಲಿ ಬೆಳಕಿಗೆ ಪ್ರೇಕ್ಷಕ ಒಗ್ಗಿಹೋಗಿದ್ದಾನೆ, ರಾತ್ರಿಯಲ್ಲಿ ಕಾಣುವ ಬಿಸಿಲಿಗೆ ಒಗ್ಗಿಲ್ಲ. ಮೇಲಿನಿಂದ ಯಾರೋ ಬಗ್ಗಿ ನೋಡಿದಂತೆ ಆ ದುಂಡಿನ ಅಂಚು ನಿಧಾನವಾಗಿ ಕಪ್ಪಾಗುತ್ತದೆ. ಅಲ್ಲಿಗೆ ನಿಲ್ಲಿಸಬಹುದು, ಅಥವಾ ಕೀಲಿಕೈ ತೂಗುಹಾಕಿದ್ದ ಮೊಳೆಯನ್ನು ಒಮ್ಮೆ ತೋರಿಸಬಹುದು. ಒದ್ದೆ ಹೆಜ್ಜೆಗುರುತು, ಕೂದಲು ಕೆದರಿದ ಮುಖ, ಗೋಡೆಯ ಮೇಲಿನ ಕೈಗುರುತು ಇವಾವುವೂ ಬೇಡ.

ಈ ದುಂಡು ಬೆಳಕಿಗೆ ಆಗುವ ಖರ್ಚು ಬಹಳ ಕಡಿಮೆ. ಒಂದು ಜೋರಾದ ಬ್ಯಾಟರಿಯ ಮುಂದೆ ಕಪ್ಪು ರಟ್ಟನ್ನು ಕೊಳವೆಯಂತೆ ಸುತ್ತಿ, ಸ್ವಲ್ಪ ದೂರದಲ್ಲಿ ದುಂಡಗೆ ಕತ್ತರಿಸಿದ ಇನ್ನೊಂದು ರಟ್ಟನ್ನು ಹಿಡಿಯಿರಿ. ಎರಡರ ನಡುವಿನ ಅಂತರ ಬದಲಿಸಿದಂತೆ ದುಂಡಿನ ಅಂಚು ಹರಿತವೋ ಮೃದುವೋ ಆಗುತ್ತದೆ. ಹಳದಿ ಜೆಲ್ ಹಾಳೆ ಸಿಗದಿದ್ದರೆ ಸಿಹಿತಿಂಡಿಯ ಡಬ್ಬಿಗೆ ಸುತ್ತುವ ಬಣ್ಣದ ಪಾರದರ್ಶಕ ಹಾಳೆ ಸಾಕು. ಕೋಣೆಯಲ್ಲಿ ಎರಡು ಊದಿನಕಡ್ಡಿ ಹಚ್ಚಿ ಹೊಗೆ ತೆಳ್ಳಗೆ ಹರಡಿದ ಮೇಲೆ ಚಿತ್ರೀಕರಿಸಿದರೆ ಬೆಳಕಿನ ಕೋಲು ಚಾವಣಿಯಿಂದ ನೆಲದವರೆಗೆ ಕಾಣುತ್ತದೆ. ಬ್ಯಾಟರಿಯ ಎಲ್‌ಇಡಿ ಕ್ಯಾಮೆರಾದಲ್ಲಿ ಮಿಣುಕುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ.

ಮಿಣುಕಿನ ಮಾತು ಬಂದದ್ದರಿಂದ ಮೊಬೈಲಿನ ವಿಷಯವನ್ನು ಇಲ್ಲೇ ಮುಗಿಸುತ್ತೇನೆ. ನಮ್ಮ ವಿದ್ಯುತ್ತು 50 ಹರ್ಟ್ಸಿನದು. ಅದರಿಂದ ಉರಿಯುವ ಎಷ್ಟೋ ದೀಪಗಳು ಸೆಕೆಂಡಿಗೆ 100 ಬಾರಿ ಏರಿಳಿಯುತ್ತವೆ. ಮೊಬೈಲುಗಳು ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮಿನ ಲೆಕ್ಕದಲ್ಲಿ ಚಿತ್ರೀಕರಿಸುವುದರಿಂದ ಟ್ಯೂಬ್‌ಲೈಟಿನ ಕೆಳಗೆ ತೆಗೆದ ದೃಶ್ಯದಲ್ಲಿ ಪಟ್ಟೆಗಳು ಹರಿದಾಡುತ್ತವೆ. ಫ್ರೇಮ್ ದರವನ್ನು 25ಕ್ಕೆ, ಶಟರನ್ನು ಸೆಕೆಂಡಿನ 50ನೇ ಒಂದು ಭಾಗಕ್ಕೆ ನಿಲ್ಲಿಸಿದರೆ ಈ ತೊಂದರೆ ಬಹುಮಟ್ಟಿಗೆ ಹೋಗುತ್ತದೆ. ಮೊಬೈಲಿನ ಜೊತೆ ಬಂದ ಕ್ಯಾಮೆರಾ ಇದಕ್ಕೆ ಒಪ್ಪದಿದ್ದರೆ ಉಚಿತವಾಗಿ ಸಿಗುವ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪನ್ನು ನಿಮ್ಮ ಮೊಬೈಲ್ ನಡೆಸುತ್ತದೆಯೇ ನೋಡಿ. ಫೋಕಸ್, ಎಕ್ಸ್‌ಪೋಷರ್ (ಒಳಬರುವ ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಿಕೆ) ಮೂರನ್ನೂ ಕೈಯಿಂದ ನಿಗದಿಮಾಡಿ. ಇಲ್ಲದಿದ್ದರೆ ನಟ ಕತ್ತಲಿಗೆ ಸರಿದಾಗಲೆಲ್ಲ ಮೊಬೈಲು ತಾನೇ ಬೆಳಕು ಏರಿಸಿ, ನೀವು ಬಚ್ಚಿಟ್ಟದ್ದನ್ನೆಲ್ಲ ಬಯಲು ಮಾಡುತ್ತದೆ. ಪೂರ್ತಿ ಕತ್ತಲಲ್ಲಿ ತೆಗೆಯಬೇಡಿ. ಚಿಕ್ಕ ಸೆನ್ಸರಿನ ಮೊಬೈಲು ಕತ್ತಲನ್ನು ಕಪ್ಪಾಗಿ ತೋರಿಸುವುದಿಲ್ಲ, ಕುದಿಯುವ ಬೂದುಬಣ್ಣವಾಗಿ ತೋರಿಸುತ್ತದೆ. ಹೊರಾಂಗಣದ ರಾತ್ರಿಯನ್ನು ಸೂರ್ಯ ಮುಳುಗಿದ ನಂತರದ ಇಪ್ಪತ್ತು ನಿಮಿಷಗಳಲ್ಲಿ, ಎಕ್ಸ್‌ಪೋಷರ್ ಇಳಿಸಿ ತೆಗೆಯಿರಿ. ಆಕಾಶದಲ್ಲಿ ಉಳಿದ ಬೆಳಕೇ ಮನೆಗಳ ಅಂಚನ್ನು ಬಿಡಿಸಿ ತೋರಿಸುತ್ತದೆ. ಒಳಾಂಗಣದಲ್ಲಿ ಕಂದೀಲು, ಚಿಮಣಿ, ಚಾರ್ಜರ್ ಲೈಟುಗಳು ಫ್ರೇಮಿನೊಳಗೇ ಇರಲಿ; ಬೆಳಕು ಎಲ್ಲಿಂದ ಬಂತೆಂದು ಪ್ರೇಕ್ಷಕ ಆಗ ಕೇಳುವುದಿಲ್ಲ.

ಹಿನ್ನೀರಿನ ದಡದಲ್ಲಿ ಒಂದೆರಡು ಶಾಟ್ ತೆಗೆಯಬೇಕೆನಿಸಿದರೆ ಬೇಸಿಗೆಯಲ್ಲಿ, ಹಗಲಿನಲ್ಲಿ, ಆ ಜಾಗ ಬಲ್ಲವರೊಬ್ಬರ ಜೊತೆ ಹೋಗಿ. ಒಣಗಿದಂತೆ ಕಾಣುವ ಕೆಸರಿನ ಕೆಳಗೆ ತೊಡೆಯವರೆಗೆ ಹೂಳಿರುತ್ತದೆ, ಕೃಷ್ಣೆಯ ಈ ಭಾಗದಲ್ಲಿ ಮೊಸಳೆಗಳೂ ಇವೆ. ಹಳೆಯ ಹಗೇವು (ಕಾಳು ತುಂಬಿಡುವ ನೆಲದ ಗುಂಡಿ) ಎಲ್ಲಾದರೂ ಉಳಿದಿದ್ದರೆ ಅದರೊಳಗೆ ಯಾರನ್ನೂ ಇಳಿಸಬೇಡಿ; ಮುಚ್ಚಿದ ಹಗೇವಿನಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ಹಗೇವಿನ ಬಾಯಿಯನ್ನು ಮೇಲಿನಿಂದ ತೋರಿಸಿ, ಒಳಗಿನದನ್ನು ಮನೆಯ ಮೂಲೆಯಲ್ಲಿ ಕಂಬಳಿ ಕಟ್ಟಿ ತೆಗೆದರೆ ಯಾರಿಗೂ ತಿಳಿಯುವುದಿಲ್ಲ. ಡ್ರೋನಿನ ಗೊಡವೆ ಈ ಚಿತ್ರಕ್ಕೆ ಬೇಕಿಲ್ಲ.

ಇಪ್ಪತ್ತು ಸಾವಿರದಲ್ಲಿ ದೊಡ್ಡ ಪಾಲು ಶಬ್ದಕ್ಕೆ ಹೋಗಲಿ. ಚಿತ್ರ ಸ್ವಲ್ಪ ಮಸುಕಾಗಿದ್ದರೆ ಹಾರರ್ ಪ್ರೇಕ್ಷಕ ಕ್ಷಮಿಸುತ್ತಾನೆ, ಅದನ್ನೇ ವಾತಾವರಣವೆಂದು ತಿಳಿದರೂ ತಿಳಿದಾನು. ಶಬ್ದ ಕೆಟ್ಟರೆ ಮೊದಲ ನಿಮಿಷದಲ್ಲೇ ಮುಚ್ಚುತ್ತಾನೆ. ಒಂದು ಸಾಧಾರಣ ರೆಕಾರ್ಡರ್, ಎರಡು ಕಾಲರ್ ಮೈಕ್ ಬಾಡಿಗೆಗೋ ಖರೀದಿಗೋ ದೊರೆಯುತ್ತವೆ. ಪ್ರತಿ ಜಾಗದಲ್ಲೂ ಎಲ್ಲರೂ ಮಾತು ನಿಲ್ಲಿಸಿ, ಫ್ಯಾನು ಫ್ರಿಜ್ಜು ಆರಿಸಿ, ಒಂದು ನಿಮಿಷ ಬರಿಯ ಮೌನವನ್ನು ರೆಕಾರ್ಡ್ ಮಾಡಿಕೊಳ್ಳಿ. ಎಡಿಟಿಂಗಿನಲ್ಲಿ ಎರಡು ಶಾಟುಗಳ ನಡುವಿನ ತೂತುಗಳನ್ನು ಮುಚ್ಚುವುದು ಅದೇ. ನಿಮ್ಮ ಚಿತ್ರದಲ್ಲಿ ಅದಕ್ಕೆ ಇನ್ನೊಂದು ಉಪಯೋಗವೂ ಇದೆ: ಎರಡನೆಯ ‘ಕಟ್’ ಬರುವ ಮೊದಲು ಆ ಮೌನವನ್ನು ಮೆಲ್ಲಗೆ ಇಳಿಸಿ ಪೂರ್ತಿ ಇಲ್ಲವಾಗಿಸಿದರೆ, ಏನು ಬದಲಾಯಿತೆಂದು ತಿಳಿಯದೆಯೇ ಕೇಳುಗನ ಕಿವಿ ನೆಟ್ಟಗಾಗುತ್ತದೆ. ಬೀಗದ ಸದ್ದನ್ನು ಅಂತರ್ಜಾಲದಿಂದ ಇಳಿಸಿಕೊಳ್ಳಬೇಡಿ. ಹಳೆಯ ಬಾಗಿಲು, ಹಳೆಯ ಬೀಗ ಇರುವ ವಾಡೆಗಳು ನಿಮ್ಮ ಸುತ್ತಲಿನ ಊರುಗಳಲ್ಲಿ ಇನ್ನೂ ಇವೆ. ಮನೆಯವರನ್ನು ಕೇಳಿಕೊಂಡು, ಮೈಕನ್ನು ಮರಕ್ಕೆ ತೀರ ಹತ್ತಿರ ಹಿಡಿದು ಹಲವು ಬಾರಿ ರೆಕಾರ್ಡ್ ಮಾಡಿ. ಕಬ್ಬು ನುರಿಸುವ ಕಾಲದಲ್ಲಿ ರಾತ್ರಿಯೆಲ್ಲ ಟ್ರ್ಯಾಕ್ಟರುಗಳು ಡೆಕ್ಕಿನಲ್ಲಿ ಹಾಡು ಹಚ್ಚಿಕೊಂಡು ಓಡಾಡುತ್ತವೆ. ಆ ಹಾಡಿನ ನಾಲ್ಕು ಸಾಲು ನಿಮ್ಮ ಶಾಟಿನ ಹಿನ್ನೆಲೆಯಲ್ಲಿ ಸೇರಿಕೊಂಡರೆ ದೃಶ್ಯವೂ ಕೆಡುತ್ತದೆ, ಮುಂದೆ ಯೂಟ್ಯೂಬ್ ಅದನ್ನು ಗುರುತಿಸಿ ಹಕ್ಕುದಾರರ ಪರವಾಗಿ ನಿಮ್ಮ ವಿಡಿಯೊದ ಮೇಲೆ ಕ್ಲೇಮನ್ನೂ ಹಾಕೀತು.

ಮಿಕ್ಸಿಂಗ್ ಮಾಡುವಾಗ ನೆನಪಿಡಬೇಕಾದದ್ದು, ನಿಮ್ಮ ಚಿತ್ರವನ್ನು ಬಹುಪಾಲು ಜನ ಮೊಬೈಲಿನಲ್ಲೇ ನೋಡುತ್ತಾರೆ. ಅದರ ಪುಟ್ಟ ಸ್ಪೀಕರಿನಲ್ಲಿ 200 ಹರ್ಟ್ಸಿಗಿಂತ ಕೆಳಗಿನ ನಾದ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ; ಹಾರರ್ ಎಂದಕೂಡಲೇ ಎಲ್ಲರೂ ಹಾಕುವ ಆ ಗುಂಯ್‌ಗುಡುವ ತಳಸ್ವರ ಅಲ್ಲಿ ವ್ಯರ್ಥ. ಚಿಲಕ, ಬಳೆ, ಕೆಮ್ಮು, ಸೀರೆಯ ಸೆರಗು ಗೋಡೆಗೆ ತಾಗಿದ ಸದ್ದು, ಇವು ಯಾವ ಸ್ಪೀಕರಿನಲ್ಲಾದರೂ ದಾಟುತ್ತವೆ. ಚಿತ್ರದ ಒಟ್ಟು ಗಟ್ಟಿತನ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಸರಾಸರಿ ಶಬ್ದಮಟ್ಟದ ಅಳತೆ) ಮೀರಿದರೆ ಯೂಟ್ಯೂಬ್ ತಾನೇ ಇಳಿಸುತ್ತದೆ, ಆದರೆ ಮೆಲ್ಲಗಿದ್ದುದನ್ನು ಏರಿಸುವುದಿಲ್ಲ. ಆದ್ದರಿಂದ ಎಲ್ಲವನ್ನೂ ಜೋರಾಗಿಸಿ ಕೊನೆಗೊಂದು ಚೀರಾಟ ಹಾಕಿದರೆ ಅದು ಎದ್ದು ಕೇಳಿಸುವುದಿಲ್ಲ. ಎಡಿಟಿಂಗಿಗೆ ಡಾವಿಂಚಿ ರಿಸಾಲ್ವಿನ ಉಚಿತ ಆವೃತ್ತಿ ಧಾರಾಳವಾಗಿ ಸಾಕು, ಕಂಪ್ಯೂಟರು ಸ್ವಲ್ಪ ಗಟ್ಟಿಯಾಗಿರಬೇಕಷ್ಟೆ.

ಸಂಭಾಷಣೆ ನಿಮ್ಮ ಕಡೆಯ ಮಾತಿನಲ್ಲೇ ಇರಲಿ. ಅಜ್ಜಿಯ ಬಾಯಲ್ಲಿ ವಾರ್ತೆಯ ಕನ್ನಡ ಬಂದರೆ ಮನೆಯೇ ಸುಳ್ಳೆನಿಸುತ್ತದೆ, ಸುಳ್ಳೆನಿಸಿದ ಮನೆಯಲ್ಲಿ ಯಾರೂ ಹೆದರುವುದಿಲ್ಲ. ಮೈಸೂರಿನವರಿಗೂ ಮಂಗಳೂರಿನವರಿಗೂ ಒಂದೆರಡು ಪದ ತಿಳಿಯದೆ ಹೋದರೆ ಕೆಳಗೆ ಸಬ್‌ಟೈಟಲ್ ಇರುತ್ತದೆ. ನಟರನ್ನು ಹುಡುಕುವಾಗ ಕಂಪನಿ ನಾಟಕ, ಸಣ್ಣಾಟಗಳಲ್ಲಿ ಪಳಗಿದ ಹಿರಿಯರನ್ನು ಅಗತ್ಯವಾಗಿ ಮಾತಾಡಿಸಿ. ಕೊನೆಯ ಸಾಲಿನವರೆಗೆ ದನಿ ಮುಟ್ಟಿಸುವ ಅಭ್ಯಾಸ ಅವರದು. ಕ್ಯಾಮೆರಾ ಮೊಳದ ದೂರದಲ್ಲಿದೆ ಎಂಬುದಕ್ಕೆ ಹೊಂದಿಕೊಳ್ಳಲು ಒಂದು ದಿನದ ತಾಲೀಮು ಕೊಟ್ಟರೆ, ಸುಮ್ಮನೆ ಕುಳಿತಿರುವಾಗಲೂ ನೋಡುವಂತಿರುತ್ತಾರೆ. ನಿಮ್ಮ ಅಜ್ಜಿಯನ್ನೇ ನಟಿಸಲು ಕೇಳುವ ಆಸೆ ನಿಮಗಿರಬಹುದು. ಹಗಲಿನ ಭಾಗಕ್ಕೆ, ಅವರಿಗೆ ಇಷ್ಟವಿದ್ದರೆ, ಆಗಲಿ. ಆದರೆ ಆ ಮನೆ ಹೋದ ದುಃಖ ಅವರದು. ಕಥೆಯನ್ನು ಪೂರ್ತಿ ಹೇಳಿ, ಯಾವುದನ್ನು ತೋರಿಸಬಾರದು ಎಂದು ಅವರನ್ನೇ ಕೇಳಿ.

ಒಂದು ಎಚ್ಚರಿಕೆ. ಮೈಮೇಲೆ ಬಂದ ಹೆಂಗಸನ್ನು ಬೇವಿನ ಸೊಪ್ಪಿನಿಂದಲೋ ಚಾಟಿಯಿಂದಲೋ ಹೊಡೆದು ‘ಬಿಡಿಸುವ’ ದೃಶ್ಯ ಹಾರರ್ ಚಿತ್ರಗಳಲ್ಲಿ ಸವೆದುಹೋಗಿದೆ, ನಿಜ ಜೀವನದಲ್ಲಿ ಇನ್ನೂ ನಡೆಯುತ್ತಿದೆ. ದೆವ್ವ ಬಿಡಿಸುವ ಹೆಸರಿನ ಹಿಂಸೆಯನ್ನು 2017ರ ಕರ್ನಾಟಕದ ವಾಮಾಚಾರ ತಡೆ ಕಾಯ್ದೆ ನಿಷೇಧಿಸುತ್ತದೆ. ಅದು 2020ರ ಜನವರಿಯಲ್ಲಿ ಜಾರಿಗೆ ಬಂತು. ಕಾದಂಬರಿ, ಸಿನಿಮಾಗಳಲ್ಲಿ ದೆವ್ವದ ಕಥೆ ಹೇಳುವುದು ಅಪರಾಧವಲ್ಲ. ಆದರೆ ಅಂಥ ಹೊಡೆತವನ್ನು ಪರಿಹಾರವೆಂಬಂತೆ ತೋರಿಸುವುದು, ಪ್ರಚಾರದ ಆಸೆಗೆ ‘ಇದು ನಡೆದ ಘಟನೆ’ ಎಂದು ಪೋಸ್ಟರಿನಲ್ಲಿ ಹಾಕಿ ಯಾವುದೋ ಓಣಿಯ ಯಾವುದೋ ಮನೆಗೆ ಕೆಟ್ಟ ಹೆಸರು ತರುವುದು ಬೇಡ. ಗೂಬೆ, ಹಾವುಗಳನ್ನು ಹಿಡಿದು ತರುವುದಂತೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಗೂಬೆಯ ಕೂಗನ್ನು ಬಿಟ್ಟೇ ಚಿತ್ರ ಮಾಡಿದರೆ ಇನ್ನೂ ಒಳ್ಳೆಯದು.

ಗೆಳೆಯರ ನಡುವೆ ಕಾಗದ ಏಕೆ ಎಂದು ಎಲ್ಲರೂ ಕೇಳುತ್ತಾರೆ. ಚಿತ್ರ ಎಲ್ಲಿಯೂ ಹೋಗದಿದ್ದರೆ ಕಾಗದ ಬೇಕಾಗುವುದಿಲ್ಲ. ಹೋದ ದಿನ ಬೇಕಾಗುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ನಿನ ಪ್ರಕಾರ ಹಕ್ಕು ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಅವಧಿಯನ್ನು ಬರೆಯದಿದ್ದರೆ ಅದು 5 ವರ್ಷಕ್ಕೆ ಮಾತ್ರ ಎಂದೂ, ವ್ಯಾಪ್ತಿಯನ್ನು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾನೂನು ಭಾವಿಸುತ್ತದೆ. ಕಥೆ ಬರೆದವರು, ಸಂಗೀತ ಮಾಡಿದವರು, ನಟಿಸಿದವರು, ಮನೆ ಕೊಟ್ಟವರು ಇಷ್ಟು ಜನರಿಂದ ಒಂದೊಂದು ಪುಟದ ಒಪ್ಪಿಗೆ, ಅವಧಿ ಮತ್ತು ವ್ಯಾಪ್ತಿಯನ್ನು ಸ್ಪಷ್ಟವಾಗಿ ಬರೆದು, ಚಿತ್ರೀಕರಣಕ್ಕೆ ಮೊದಲೇ ಪಡೆಯಿರಿ. ಹಿನ್ನೆಲೆಗೆ ಹಳೆಯ ತತ್ವಪದ ಬೇಕೆನಿಸಿದರೆ ಪದ ಯಾರ ಸ್ವತ್ತೂ ಅಲ್ಲದಿರಬಹುದು, ಆದರೆ ಯಾರೋ ಹಾಡಿದ ಕ್ಯಾಸೆಟ್ಟಿನ ಧ್ವನಿಮುದ್ರಣದ ಹಕ್ಕು ಬೇರೆ. ನಿಮ್ಮ ಊರಿನ ಭಜನಾ ಮಂಡಳಿಯವರಿಂದ ಹೊಸದಾಗಿ ಹಾಡಿಸಿ, ಅವರ ಒಪ್ಪಿಗೆಯನ್ನೂ ಸಂಭಾವನೆಯನ್ನೂ ಕಾಗದದಲ್ಲಿ ಬರೆಯಿರಿ.

ಹಂಚುವ ವಿಷಯದಲ್ಲಿ ಕ್ರಮವೇ ಮುಖ್ಯ. ಯೂಟ್ಯೂಬಿಗೆ ಒಮ್ಮೆ ಹಾಕಿದ ಚಿತ್ರವನ್ನು ಕೆಲವು ಚಿತ್ರೋತ್ಸವಗಳು ತೆಗೆದುಕೊಳ್ಳುವುದಿಲ್ಲ. ಚಿತ್ರೋತ್ಸವದಲ್ಲಿ ತೋರಿಸಿದ್ದನ್ನು ಯೂಟ್ಯೂಬ್ ಎಂದೂ ಬೇಡವೆನ್ನುವುದಿಲ್ಲ. ಆದ್ದರಿಂದ ಮೊದಲ ಎಂಟು ಹತ್ತು ತಿಂಗಳು ಚಿತ್ರೋತ್ಸವಗಳಿಗೆ ಕೊಡಿ, ಅದುವರೆಗೆ ಪಾಸ್‌ವರ್ಡ್ ಇರುವ ಲಿಂಕಿನಲ್ಲಿ ಮಾತ್ರ ಇಡಿ, ಗೆಳೆಯರ ವಾಟ್ಸಾಪ್ ಗುಂಪಿಗೆ ಫೈಲನ್ನು ಬಿಡಬೇಡಿ. ಬೆಂಗಳೂರು ಅಂತಾರಾಷ್ಟ್ರೀಯ ಕಿರುಚಿತ್ರೋತ್ಸವ, ತಿರುವನಂತಪುರದ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರೋತ್ಸವ, 1990ರಿಂದ ಎರಡು ವರ್ಷಕ್ಕೊಮ್ಮೆ ನಡೆಯುವ ಮುಂಬೈ ಅಂತಾರಾಷ್ಟ್ರೀಯ ಚಿತ್ರೋತ್ಸವ ಇವುಗಳ ನಿಯಮಗಳನ್ನು ಓದಿ. ಹೊರದೇಶದಲ್ಲಿ ಸ್ಪೇನಿನ ಸಿಟ್ಜೆಸ್, ಕೆನಡಾದ ಫ್ಯಾಂಟೇಸಿಯಾಗಳಂತೆ ಹಾರರ್ ಮತ್ತು ಅದ್ಭುತ ಕಥನಗಳಿಗೇ ಮೀಸಲಾದ ಉತ್ಸವಗಳಿವೆ. ಹೆಚ್ಚಿನವಕ್ಕೆ ಫಿಲ್ಮ್‌ಫ್ರೀವೇ ಜಾಲತಾಣದ ಮೂಲಕ ಅರ್ಜಿ ಹಾಕಬಹುದು, ಪ್ರವೇಶಶುಲ್ಕ ಇರುತ್ತದೆ, ಮೊದಲ ಗಡುವಿನಲ್ಲಿ ಕಡಿಮೆ. ನಿಮ್ಮ ಬಜೆಟ್ಟಿನಲ್ಲಿ ಇದಕ್ಕೆ ಮೂರು ಸಾವಿರವನ್ನು ಮೊದಲೇ ಎತ್ತಿಡಿ. ಪ್ರತಿ ತಿಂಗಳೂ ‘ಉತ್ಸವ’ ನಡೆಸಿ, ಶುಲ್ಕ ಕಟ್ಟಿದವರಿಗೆಲ್ಲ ಪೋಸ್ಟರಿನ ಮೇಲೆ ಹಾಕಿಕೊಳ್ಳುವ ಪ್ರಶಸ್ತಿಯ ಎಲೆಬಳ್ಳಿಯ ಚಿತ್ರ ಕಳಿಸುವ ಅಂಗಡಿಗಳೂ ಅಲ್ಲೇ ಇವೆ. ಕಳೆದ ವರ್ಷ ಯಾವ ಸಭಾಂಗಣದಲ್ಲಿ, ಯಾವ ಚಿತ್ರಗಳನ್ನು ತೋರಿಸಿದರೆಂದು ಹುಡುಕಿ ನೋಡಿದರೆ ಅವುಗಳ ಬಣ್ಣ ಬಯಲಾಗುತ್ತದೆ.

ಊರಿನಲ್ಲೇ ಒಂದು ಸಭಾಂಗಣ ಹಿಡಿದು ತೋರಿಸುವ ಯೋಚನೆಯಿದ್ದರೆ, ಸಾರ್ವಜನಿಕ ಪ್ರದರ್ಶನಕ್ಕೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕೆಂಬುದು ತಿಳಿದಿರಲಿ. ಚಿತ್ರೋತ್ಸವಗಳು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ಇದಕ್ಕೆ ವಿನಾಯಿತಿ ಪಡೆದುಕೊಳ್ಳುತ್ತವೆ. ಆ ಜವಾಬ್ದಾರಿ ಅವರದು.

ಯೂಟ್ಯೂಬಿಗೆ ಬಂದಾಗ ಹಣದ ಲೆಕ್ಕ ಹಾಕಬೇಡಿ. ಜಾಹೀರಾತಿನ ಪಾಲು ಸಿಗಬೇಕಾದರೆ ಚಾನೆಲ್ಲಿಗೆ 1000 ಚಂದಾದಾರರು ಮತ್ತು 12 ತಿಂಗಳಲ್ಲಿ 4000 ಗಂಟೆಗಳ ವೀಕ್ಷಣೆ ಬೇಕು. ಆರು ನಿಮಿಷದ ಒಂದೇ ಚಿತ್ರದಿಂದ ಅದು ಆಗುವ ಮಾತಲ್ಲ. ಥಂಬ್‌ನೇಲಿನಲ್ಲಿ ರಕ್ತ, ಗಾಯ ಹಾಕಿದರೆ ವಯೋಮಿತಿಯ ಬೇಲಿ ಬಿದ್ದು, ಲಾಗಿನ್ ಆಗದವರಿಗೆ ಚಿತ್ರವೇ ತೆರೆಯದೆ ಹೋಗಬಹುದು. ನೆಲದ ಮೇಲಿನ ಹಳದಿ ದುಂಡಿನ ಸ್ಥಿರಚಿತ್ರವನ್ನು ಚಿತ್ರೀಕರಣದ ದಿನವೇ ಬೇರೆಯಾಗಿ ತೆಗೆದುಕೊಂಡಿದ್ದರೆ ಅದೇ ಸಾಕು. ಕನ್ನಡ ಮತ್ತು ಇಂಗ್ಲಿಷ್ ಸಬ್‌ಟೈಟಲ್ಲುಗಳನ್ನು ಚಿತ್ರದ ಮೇಲೆ ಅಚ್ಚೊತ್ತದೆ ಪ್ರತ್ಯೇಕ ಎಸ್‌ಆರ್‌ಟಿ ಫೈಲುಗಳಾಗಿ ಇಟ್ಟುಕೊಳ್ಳಿ. ಒಂದೊಂದು ಉತ್ಸವ ಒಂದೊಂದು ರೀತಿ ಕೇಳುತ್ತದೆ. ಅಕ್ಷರಗಳಿಲ್ಲದ ಒಂದು ಶುದ್ಧ ಪ್ರತಿ, ಮಾತು, ಸಂಗೀತ, ಇತರ ಸದ್ದುಗಳನ್ನು ಬೇರ್ಪಡಿಸಿದ ಮೂರು ಧ್ವನಿ ಫೈಲುಗಳು, ಮೂಲ ಚಿತ್ರಿಕೆಯೆಲ್ಲವೂ ಎರಡು ಹಾರ್ಡ್‌ಡಿಸ್ಕುಗಳಲ್ಲಿ, ಇಬ್ಬರ ಮನೆಗಳಲ್ಲಿ ಇರಲಿ. ಮೊಬೈಲಿನ ಮೆಮರಿ ತುಂಬಿತೆಂದು ಚಿತ್ರೀಕರಣದ ನಡುವೆ ಹಳೆಯ ಶಾಟುಗಳನ್ನು ಅಳಿಸುವ ಕೆಲಸವನ್ನು ಆ ಎರಡು ಪ್ರತಿಗಳನ್ನು ತೆರೆದು, ಓಡಿಸಿ ನೋಡಿದ ಮೇಲೆ ಮಾಡಿ.